ಒಂದು ಹೆಸರು, ಎರಡು ಮೀನು

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನೊಬ್ಬ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ. ಮಾಗಡಿಯ ಕಡೆಯ ಹಳ್ಳಿಗಳಲ್ಲಿ ಕಬ್ಬಿಣದ ಅದಿರು ಕರಗಿಸುವ ಕುಲುಮೆಗಳನ್ನು ನೋಡಿದ. ಇಂದು ನಾವು ರಾಮನಗರವೆನ್ನುವ ರಾಮಗಿರಿಯ ಬಂಡೆಗಳ ನಡುವೆ ಹಾದು ಹೋದ. ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮಾಡುವವರನ್ನೂ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನೂ ಕಂಡು, ಅವರ ಕೆಲಸದ ರೀತಿಯನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡ. ಹೊಲದ ಬೆಳೆ, ಎತ್ತಿನ ಬೆಲೆ, ಮರದ ಜಾತಿ, ಮನುಷ್ಯರ ಜಾತಿ, ಒಂದನ್ನೂ ಬಿಡದೆ ಕೇಳಿ ತಿಳಿದ ಗಟ್ಟಿಗ ಆತ.

ಇದೇ ಬುಕಾನನ್, ಮುಂದೆ ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ. ಭಾರತದ ಮೀನುಶಾಸ್ತ್ರಕ್ಕೆ ಅದು ತಳಹದಿ. ಮಹಶೀರ್ ಎಂದು ಪ್ರಸಿದ್ಧವಾದ ಮೀನುಗಳ ಇಡೀ ಕುಲಕ್ಕೆ ಇಂದು ಶಾಸ್ತ್ರದಲ್ಲಿ ಇರುವ ‘ಟಾರ್’ ಎಂಬ ಹೆಸರು ಆ ಗ್ರಂಥದಿಂದಲೇ ಬಂದದ್ದು. ಆದರೆ ವಿಚಿತ್ರ ನೋಡಿ: ನಮ್ಮ ಸೀಮೆಯನ್ನು ಇಷ್ಟು ಕೂಲಂಕಷವಾಗಿ ನೋಡಿದ ಮನುಷ್ಯ, ಮಹಶೀರ್ ಕುಲಕ್ಕೇ ಹೆಸರು ಒದಗಿಸಿದ ಮನುಷ್ಯ, ಕಾವೇರಿಯ ಮಹಶೀರಿಗೆ ಮಾತ್ರ ಹೆಸರಿಡಲಿಲ್ಲ. ಆ ಮೀನಿಗೆ ತನ್ನದೇ ಆದ ಹೆಸರು ದೊರೆಯಲು ಮುಂದೆ ಇನ್ನೂರು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಮೀನು ಮುಗಿಯುತ್ತ ಬಂದಿತ್ತು. ಈ ಹೊತ್ತು ನಾನು ಹೇಳಹೊರಟಿರುವುದು ಈ ತಡವಾದ ನಾಮಕರಣದ ಚರಿತ್ರೆಯನ್ನು. ನಾನು ಮೀನುಶಾಸ್ತ್ರಜ್ಞನಲ್ಲ, ಚರಿತ್ರೆಯ ವಿದ್ಯಾರ್ಥಿ. ಆದರೆ ಹೆಸರುಗಳು ಹುಟ್ಟುವುದು, ಬೆರೆಯುವುದು, ಅಳಿಯುವುದು ಚರಿತ್ರೆಯ ವಿಷಯವೂ ಹೌದಷ್ಟೆ.

ಮೊದಲು ಸ್ಥಳ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ಮಾಗಡಿ ಸೀಮೆಯನ್ನು ಹಾದು, ರಾಮನಗರದ ಬಂಡೆಗಳ ಪಕ್ಕದಲ್ಲಿ ಸರಿದು, ಕನಕಪುರದ ಬಳಿ ತಿರುಗಿ, ಕಾಡಿನೊಳಗೆ ಇಳಿದು ಕಾವೇರಿಯನ್ನು ಕೂಡುತ್ತದೆ. ಕೂಡುವ ಜಾಗಕ್ಕೆ ಸಂಗಮವೆಂದೇ ಹೆಸರು. ಚನ್ನಪಟ್ಟಣದ ಕಣ್ವ ಹೊಳೆಯ ನೀರೂ ಶಿಂಷೆಯ ಮೂಲಕ ಕೊನೆಗೆ ಸೇರುವುದು ಕಾವೇರಿಯನ್ನೇ. ಸಂಗಮದಿಂದ ಮೂರು ನಾಲ್ಕು ಕಿಲೋಮೀಟರು ಕೆಳಗೆ ಮೇಕೆದಾಟು: ಅಷ್ಟು ಅಗಲದ ಹೊಳೆ ಕಲ್ಲಿನ ಇಕ್ಕಟ್ಟಿನಲ್ಲಿ ನುಗ್ಗಿ ಹರಿಯುವ ಎಡೆ. ಸಂಗಮದಿಂದ ಮೇಲುಗಡೆಗೆ ಗಾಳಿಬೋರೆ, ಮುತ್ತತ್ತಿ, ಭೀಮೇಶ್ವರಿ. ಈ ಹರವಿನಲ್ಲಿ ಕಾವೇರಿ ಒಮ್ಮೆ ಬಂಡೆಗಳ ನಡುವೆ ಮೊರೆಯುತ್ತದೆ, ಒಮ್ಮೆ ಕಪ್ಪಗೆ ಮಡುಗಟ್ಟಿ ನಿಲ್ಲುತ್ತದೆ. ದೊಡ್ಡ ಮೀನಿಗೆ ಬೇಕಾದದ್ದು ಇವೆರಡೂ.

ಮಹಶೀರ್ ಎಂಬ ಮಾತಿಗೆ ವಿದ್ವಾಂಸರು ಹಲವು ನಿಷ್ಪತ್ತಿ ಹೇಳುತ್ತಾರೆ. ದೊಡ್ಡ ತಲೆಯುಳ್ಳದ್ದರಿಂದ ‘ಮಹಾಶಿರ’ ಎನ್ನುವವರುಂಟು. ಪಾರಸಿಯಲ್ಲಿ ‘ಮಾಹಿ’ ಎಂದರೆ ಮೀನು, ‘ಶೇರ್’ ಎಂದರೆ ಹುಲಿ, ಆದ್ದರಿಂದ ಮೀನುಗಳಲ್ಲಿ ಹುಲಿ ಎನ್ನುವವರೂ ಉಂಟು. ನಮ್ಮ ಹೊಳೆಯ ಜನಕ್ಕೆ ಅದು ಬಿಳಿಮೀನು. ಅಂಗೈಯಗಲ ಹುರುಪೆ, ದಪ್ಪ ತುಟಿ, ಬಾಯಿಯ ಬದಿಯಲ್ಲಿ ಎರಡು ಜೊತೆ ಮೀಸೆ. ಗೆಂಡೆಯ ಬಳಗಕ್ಕೆ ಸೇರಿದರೂ ಕೆರೆಯ ಕೆಸರಿನಲ್ಲಿ ಬದುಕುವ ಮೀನಲ್ಲ. ತಿಳಿಯಾಗಿ ಹರಿಯುವ, ಉಸಿರುಳ್ಳ ನೀರು ಬೇಕು. ಮಳೆಗಾಲದ ಪ್ರವಾಹದಲ್ಲಿ ಎದುರು ಈಜಿ ಮೇಲೇರಿ, ಸಣ್ಣ ಹೊಳೆಗಳ ಮರಳು ಗರಸಿನ ನಡುವೆ ಮೊಟ್ಟೆಯಿಡುತ್ತದೆ. ಹೊಳೆಗೆ ಅಡ್ಡಗಟ್ಟೆ ಬಿದ್ದರೆ ಅದರ ಸಂಸಾರಕ್ಕೆ ಅಡ್ಡಗಟ್ಟೆ ಬಿದ್ದಂತೆ.

ನಮ್ಮ ಕಥೆಗೆ ಬೇಕಾದವು ಈ ಕುಲದ ಎರಡು ಮೀನು. ಒಂದರ ಬೆನ್ನು ತಲೆಯ ಹಿಂದೆಯೇ ಎದ್ದು ಗೂಳಿಯ ಹಿಣಿಲಿನಂತೆ ಕಾಣುತ್ತದೆ. ಈಜುರೆಕ್ಕೆಗಳು, ಬಾಲ, ಕಿತ್ತಳೆಯ ಕೆಂಪು. ಇದು ಕಾವೇರಿಯಲ್ಲೂ ಅದರ ಉಪನದಿಗಳಲ್ಲೂ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇನ್ನೊಂದಕ್ಕೆ ಅಂಥ ಡುಬ್ಬವಿಲ್ಲ, ಮೈ ನೀಳ, ರೆಕ್ಕೆಗಳು ನೀಲಿಗಪ್ಪು. ಅದರ ಮೂಲ ನೆಲೆ ದಖ್ಖನ್ನಿನ ಕೃಷ್ಣೆಯ ಕಡೆಯ ಹೊಳೆಗಳು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮಕ್ಕಳೂ ಬೇರೆಬೇರೆ ಎಂದಾರು. ಪಕ್ಕಪಕ್ಕದಲ್ಲಿಡುವ ಕೆಲಸವನ್ನು ದೊಡ್ಡವರು ಬಹುಕಾಲ ಮಾಡಲಿಲ್ಲ.

ಮೀನನ್ನು ಗುರುತಿಸುವ ವಿದ್ಯೆ ನಮ್ಮಲ್ಲಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಕಲ್ಯಾಣದಿಂದ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಗಾಳದ ಕೋಲು ಹೇಗಿರಬೇಕು, ಯಾವ ಮೀನಿಗೆ ಯಾವ ಎರೆ ಎಂಬುದನ್ನೆಲ್ಲ ಕನ್ನಡ ನಾಡಿನ ದೊರೆ ಅದರಲ್ಲಿ ವಿವರಿಸಿದ್ದಾನೆ. ಎಂಟು ಶತಮಾನಗಳ ಮೇಲೆ, 1951ರಲ್ಲಿ, ಭಾರತದ ಹಿರಿಯ ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಆ ಭಾಗವನ್ನು ಎದುರಿಗಿಟ್ಟುಕೊಂಡು ಅದರ ಮೀನುಗಳನ್ನು ಇಂದಿನ ಹೆಸರುಗಳೊಡನೆ ಹೊಂದಿಸುವ ಯತ್ನ ಮಾಡಿದರು. ಹೋರಾ ಅವರ ಹೆಸರನ್ನು ನೆನಪಿನಲ್ಲಿಡಿ, ಇನ್ನೊಮ್ಮೆ ಬರುತ್ತಾರೆ.

ಆಧುನಿಕ ಶಾಸ್ತ್ರದ ಕಡೆ ಬರೋಣ. 1839ರಲ್ಲಿ ಕರ್ನಲ್ ಸೈಕ್ಸ್ ಎಂಬಾತ ಪುಣೆಯ ಸುತ್ತಿನ ಹೊಳೆಗಳ ಮೀನುಗಳನ್ನು ವರ್ಣಿಸಿದ. ನೀಲಿರೆಕ್ಕೆಯ ಮಹಶೀರಿಗೆ ‘ಖುದ್ರಿ’ ಎಂಬ ಹೆಸರು ಬಂದದ್ದು ಆಗ. ಅದೇ ಸಂದರ್ಭದಲ್ಲಿ ಅವನು ‘ಮುಸುಲ್ಲ’ ಎಂಬ ಇನ್ನೊಂದು ಮೀನನ್ನೂ ವರ್ಣಿಸಿದ. ಈ ಎರಡನೆಯ ಹೆಸರೇ ಮುಂದೆ ದೊಡ್ಡ ಗೊಂದಲಕ್ಕೆ ಬೀಜವಾಯಿತು. ಅದಾದ ನಾಲ್ಕು ದಶಕಗಳಲ್ಲಿ ಫ್ರಾನ್ಸಿಸ್ ಡೇ ಎಂಬ ಮಹಾ ವಿದ್ವಾಂಸ ಭಾರತದ ಮೀನುಗಳ ಬೃಹತ್ ಗ್ರಂಥವನ್ನು ಹೊರತಂದು, ಹಲವು ಮಹಶೀರುಗಳನ್ನು ಒಂದೇ ಹೆಸರಿನ ಕೆಳಗೆ ತುಂಬಿಬಿಟ್ಟ. ದೊಡ್ಡವರು ಮಾಡಿದ ತಪ್ಪು ದೊಡ್ಡದಾಗಿಯೇ ಉಳಿಯುತ್ತದೆ. ಡೇ ಹೇಳಿದ ಮೇಲೆ ಅದನ್ನು ಕೆದಕುವ ಧೈರ್ಯ ಬಹಳ ಜನಕ್ಕೆ ಬರಲಿಲ್ಲ.

ಶಾಸ್ತ್ರಜ್ಞರು ಹೀಗೆ ಕೂಡಿಸಿ ಕಳೆಯುತ್ತಿದ್ದಾಗ, ಕಾವೇರಿಯ ಮೀನನ್ನು ಕಣ್ಣಾರೆ ನೋಡುತ್ತಿದ್ದವರು ಬೆಸ್ತರು, ಮತ್ತು ಗಾಳ ಹಾಕುವ ಬಿಳಿಯ ಅಧಿಕಾರಿಗಳು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದಲ್ಲಿ ಗಾಳ ಹಾಕುವುದನ್ನು ಕುರಿತು ಬರೆದ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಮಹಶೀರಿನ ಕೀರ್ತಿಯನ್ನು ಇಂಗ್ಲೆಂಡಿಗೆ ಮುಟ್ಟಿಸಿದ್ದು ಆ ಪುಸ್ತಕ. ಮುಂದೆ ಮೈಸೂರು ಸೀಮೆಯ ಹೊಳೆಗಳು ಬೇಟೆಗಾರರ ಯಾತ್ರಾಸ್ಥಳಗಳಾದವು. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ಪ್ರಸಿದ್ಧ ವ್ಯಾನ್ ಇಂಗೆನ್ ಮನೆತನದ ಡೆ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ, ದೊಡ್ಡ ಹುಡುಗನೊಬ್ಬನ ತೂಕ. ಇಂಥ ದೈತ್ಯರೆಲ್ಲ ಡುಬ್ಬದ ಮಹಶೀರುಗಳು. ಹೋರಾ ಅವರು 1940ರ ದಶಕದಲ್ಲಿ ಈ ಡುಬ್ಬದ ಮೀನನ್ನು ಸೈಕ್ಸ್ ವರ್ಣಿಸಿದ ‘ಮುಸುಲ್ಲ’ವೇ ಎಂದು ಗುರುತಿಸಿದರು. ಡುಬ್ಬದ ಮೀನಿಗೆ ಅಂತೂ ಒಂದು ಹೆಸರು ಸಿಕ್ಕಿತು. ಆದರೆ ಅದು ಇನ್ನೊಬ್ಬರ ಹೆಸರು. ಸೈಕ್ಸನ ಮುಸುಲ್ಲ ಮಹಶೀರ್ ಕುಲದ್ದೇ ಅಲ್ಲ, ಬೇರೊಂದು ಕುಲದ ಮೀನು ಎಂಬುದನ್ನು ನಮ್ಮ ಕಾಲದ ವಿದ್ವಾಂಸರು ತೋರಿಸಿಕೊಟ್ಟರು. ಎರವಲು ಅಂಗಿಯನ್ನು ಒಡೆಯ ಬಂದು ಕೇಳಿ ತೆಗೆದುಕೊಂಡು ಹೋದಂತಾಯಿತು. ಕಾವೇರಿಯ ಡುಬ್ಬದ ಮೀನು ಮತ್ತೆ ಅನಾಮಿಕವಾಯಿತು.

ಈ ನಡುವೆ ಹೊಳೆ ಬದಲಾಗುತ್ತಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಗಣಿಗಳಿಗೆ ಹರಿಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಯಿತು. 1934ರಲ್ಲಿ ಕೆಳಗೆ ಮೆಟ್ಟೂರಿನ ಅಣೆಕಟ್ಟು ಮುಗಿಯಿತು. ಹೊಳೆಯನ್ನೇ ಊರಾಗಿ ಮಾಡಿಕೊಂಡಿದ್ದ ಮೀನಿಗೆ ಅದು ಓಣಿಯಾಯಿತು. ಮಂಡ್ಯದ ಬಯಲು ಹಸಿರಾದದ್ದು ಈ ಕಟ್ಟೆಗಳಿಂದ. ಅದನ್ನು ಮರೆತು ಮಾತಾಡುವುದು ಅನ್ನದ ಋಣವನ್ನು ಮರೆತ ಹಾಗೆ. ಆದರೆ ಕಟ್ಟೆಗಳು ಮಾಡಿದ್ದಕ್ಕಿಂತ ಹೀನವಾದ ಕೆಲಸವನ್ನು ಸಿಡಿಮದ್ದು ಮಾಡಿತು. ಬಂಡೆ ಒಡೆಯುವ ತೋಟೆಯನ್ನು ಮಡುವಿಗೆ ಎಸೆದರೆ ಒಂದು ಗಳಿಗೆಯಲ್ಲಿ ಮರಿ, ತಾಯಿ, ಮುದಿಮೀನು ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಇಪ್ಪತ್ತು ವರ್ಷ ಬೆಳೆದ ಮೀನು ಇಪ್ಪತ್ತು ರೂಪಾಯಿಗೆ ಹೋಗುತ್ತದೆ. ಇದರಲ್ಲಿ ಬೇಟೆಯ ವಿದ್ಯೆಯೂ ಇಲ್ಲ, ಬಡವನ ಹಸಿವಿಗೆ ನಾಳೆಯ ಭರವಸೆಯೂ ಇಲ್ಲ.

1970ರ ದಶಕದಲ್ಲಿ ಕೆಲವರಿಗೆ ಎಚ್ಚರವಾಯಿತು. 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದು ಹರವನ್ನು ಗುತ್ತಿಗೆಗೆ ಹಿಡಿದು ಕಾವಲು ಹಾಕಿತು. ಅದೇ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ಯುವಕರು ಗಾಳ ಹಿಡಿದು ದೇಶ ಸುತ್ತುತ್ತ ಇಲ್ಲಿಗೆ ಬಂದು, ಮುಗಿದೇಹೋಯಿತೆಂದುಕೊಂಡಿದ್ದ ದೈತ್ಯ ಮೀನುಗಳು ಇನ್ನೂ ಇವೆಯೆಂದು ಜಗತ್ತಿಗೆ ಸಾರಿದರು. ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರ ನಡೆಸಿತು. ನಿಯಮ ಸರಳ: ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಜೀವಂತವಾಗಿ ನೀರಿಗೆ ಬಿಡಬೇಕು. ಹಿಂದೆ ಕದ್ದು ಹಿಡಿಯುತ್ತಿದ್ದವರಲ್ಲಿ ಕೆಲವರೇ ಹರಿಗೋಲಿನ ಮಾರ್ಗದರ್ಶಿಗಳಾದರು, ಕಾವಲುಗಾರರಾದರು. ಗಾಳಕ್ಕೆ ಎರೆ ಯಾವುದೆನ್ನುತ್ತೀರಿ? ರಾಗಿ ಹಿಟ್ಟಿನ ಮುದ್ದೆ. ಸಾವಿರಾರು ಮೈಲಿಯಿಂದ ಬಂದ ದೊರೆಗಳು ನಮ್ಮ ಮುದ್ದೆಯನ್ನು ನಿಂಬೆಗಾತ್ರಕ್ಕೆ ಉರುಳಿಸಿ ಗಾಳಕ್ಕೆ ಸಿಕ್ಕಿಸುತ್ತಿದ್ದ ದೃಶ್ಯವನ್ನು ನೆನೆದಾಗ ನನಗೆ ನಗು ಬರುತ್ತದೆ. ಮೀನಿನ ರುಚಿಯ ಬಗ್ಗೆ ಗೌರವವೂ ಬರುತ್ತದೆ.

ಜೊತೆಗೆ ಇನ್ನೊಂದು ಸತ್ಕಾರ್ಯ ನಡೆಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪೆನಿಯವರು 1970ರ ದಶಕದಿಂದ ಮಹಶೀರ್ ಮರಿಗಳನ್ನು ಕೈಯಾರೆ ಬೆಳೆಸುವ ಕೆಲಸಕ್ಕೆ ತೊಡಗಿದ್ದರು. ತಾಯಿಮೀನಿನ ಮೊಟ್ಟೆಯನ್ನು ಹಿಂಡಿ ತೆಗೆದು, ಗಂಡಿನ ರಸದೊಡನೆ ಬೆರೆಸಿ, ಹರಿಯುವ ನೀರಿನ ತೊಟ್ಟಿಯಲ್ಲಿಟ್ಟು ಮರಿ ಮಾಡುವ ವಿದ್ಯೆ ಅಲ್ಲಿ ಕೈಹತ್ತಿತು. ಬೆಳೆಸಿದ ಮರಿಗಳು ಲಕ್ಷಗಟ್ಟಲೆ. ಬರಿದಾಗುತ್ತಿರುವ ಹೊಳೆಗಳನ್ನು ಮತ್ತೆ ತುಂಬಬೇಕೆಂಬ ಒಳ್ಳೆಯ ಮನಸ್ಸಿನಿಂದ ಅವನ್ನು ನಾಡಿನ ಬೇರೆಬೇರೆ ಕಡೆಗೆ ಹಂಚಿದರು. ಕಾವೇರಿಗೂ ಬಂದವು. ಅಳಿಯುತ್ತಿರುವುದು ಮಹಶೀರ್, ಬಿಡುತ್ತಿರುವುದೂ ಮಹಶೀರ್, ಇನ್ನೇನು ಬೇಕು?

ಇಲ್ಲಿದೆ ಗಂಟು. ಲೋಣಾವಳದ ತೊಟ್ಟಿಗಳಲ್ಲಿ ಹುಟ್ಟಿ ಇಲ್ಲಿಗೆ ಬಂದದ್ದು ದಖ್ಖನ್ನಿನ ನೀಲಿರೆಕ್ಕೆಯ ಖುದ್ರಿ. ಕಾವೇರಿಯಲ್ಲಿ ಅಳಿಯುತ್ತಿದ್ದದ್ದು ಕಿತ್ತಳೆರೆಕ್ಕೆಯ ಡುಬ್ಬದ ಮೀನು. ಒಂದೇ ಹೆಸರಿನ ಕೆಳಗೆ ಒಬ್ಬರ ಮನೆಗೆ ಇನ್ನೊಬ್ಬರನ್ನು ತಂದು ತುಂಬಿದ್ದಾಯಿತು.

ಇದು ಬೆಳಕಿಗೆ ಬಂದ ಬಗೆ ಚರಿತ್ರೆಯ ವಿದ್ಯಾರ್ಥಿಗೆ ಬಹಳ ಇಷ್ಟವಾಗುವಂಥದು. ಏಕೆಂದರೆ ಅದು ಹಳೆಯ ಕಡತವನ್ನು ಓದಿ ಕಂಡುಕೊಂಡ ಸತ್ಯ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಎಷ್ಟು ಹೊತ್ತು ಕುಳಿತರು, ಎಷ್ಟು ಮೀನು ಸಿಕ್ಕಿತು, ಎಷ್ಟು ತೂಗಿತು ಎಂಬ ಲೆಕ್ಕವನ್ನು ಇಟ್ಟಿದ್ದರು. ಯಾವ ವಿಜ್ಞಾನಕ್ಕಾಗಿಯೂ ಅಲ್ಲ, ತಮ್ಮ ಜಂಬಕ್ಕಾಗಿ ಎಂದರೂ ತಪ್ಪಿಲ್ಲ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಂಗಡಿಗರು ಆ ಪುಸ್ತಕಗಳನ್ನು ಕೂಡಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು 23,620 ಗಂಟೆಗಳ ಗಾಳ, 6,161 ಮೀನು, ಅತಿ ದೊಡ್ಡದು 46.8 ಕಿಲೋ. ವರ್ಷದಿಂದ ವರ್ಷಕ್ಕೆ ಸಿಕ್ಕುವ ಮೀನುಗಳ ಸಂಖ್ಯೆ ಏರಿತ್ತು. ಕಾವಲು ಫಲಿಸಿದೆ ಎಂದು ಹಿಗ್ಗಬಹುದಾದ ಲೆಕ್ಕ. ಆದರೆ ಪಕ್ಕದ ಅಂಕಣದಲ್ಲಿ ಮೀನಿನ ಸರಾಸರಿ ತೂಕ ಇಳಿಯುತ್ತ ಬಂದಿತ್ತು. ಯಾವ ಜಾತಿಯ ಮೀನು ಎಂದು ಬಿಡಿಸಿ ನೋಡಿದಾಗ ಕಂಡದ್ದು ಇದು: ಏರುತ್ತಿದ್ದದ್ದೆಲ್ಲ ನೀಲಿರೆಕ್ಕೆಯದು. ಡುಬ್ಬದ ಮೀನಿನ ಮರಿಗಳು ಕಾಣಿಸುವುದೇ ನಿಂತಿತ್ತು. ಉಳಿದವು ಕೆಲವು ಮುದಿ ದೈತ್ಯಗಳು, ಮಕ್ಕಳಿಲ್ಲದ ಮನೆಯ ಹಿರಿಯರಂತೆ. ಮಹಶೀರ್ ಹೆಚ್ಚುತ್ತಿದೆ ಎಂಬ ಮಾತೂ ನಿಜ, ಮಹಶೀರ್ ಅಳಿಯುತ್ತಿದೆ ಎಂಬ ಮಾತೂ ನಿಜ. ಹೆಸರು ಒಂದಾಗಿದ್ದುದರಿಂದ ಮೊದಲ ನಿಜ ಎರಡನೆಯದನ್ನು ಮುಚ್ಚಿತ್ತು.

ಇಂಥದು ನಮ್ಮಲ್ಲಿ ಮಾತ್ರ ನಡೆದದ್ದೆಂದು ತಿಳಿದು ನಾಚುವ ಅಗತ್ಯವಿಲ್ಲ. ಯುರೋಪಿನ ಕಡಲಿನಲ್ಲಿ ಸ್ಕೇಟ್ ಎಂಬ ಚಪ್ಪಟೆ ಮೀನುಂಟು. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನಿನ ದೂರದ ನೆಂಟ. ಅಲ್ಲಿನ ‘ಸಾಮಾನ್ಯ ಸ್ಕೇಟ್’ ನಿಜವಾಗಿ ಎರಡು ಜಾತಿ. ಹಿಂದಿನವರು ಬೇರೆಬೇರೆಯಾಗಿ ಕಂಡಿದ್ದವನ್ನು 1926ರಲ್ಲಿ ಕ್ಲಾರ್ಕ್ ಎಂಬ ವಿದ್ವಾಂಸ ಒಂದೇ ಎಂದು ಬರೆದ. ಎಲ್ಲರೂ ಒಪ್ಪಿದರು. 2010ರಲ್ಲಿ ಫ್ರಾನ್ಸಿನ ಸಾಮುಯೆಲ್ ಇಗ್ಲೇಸಿಯಾಸ್ ಮತ್ತು ಸಂಗಡಿಗರು ಮೀನುಪೇಟೆಗೆ ಬಂದ ಮೀನುಗಳನ್ನು ಪರೀಕ್ಷಿಸಿ, ಇವು ಎರಡೇ ಎಂದು ಪುನಃ ತೋರಿಸಿದರು. ಒಂದು ಚಿಕ್ಕದು, ನೀಲಿ ಸ್ಕೇಟ್. ಇನ್ನೊಂದು ಎರಡು ಮೀಟರಿಗೂ ಮೀರಿ ಬೆಳೆಯುವ ಫ್ಲಾಪರ್ ಸ್ಕೇಟ್. ದೊಡ್ಡದು ಪ್ರಾಯಕ್ಕೆ ಬರುವುದೇ ತಡ. ಆದ್ದರಿಂದ ಬಲೆಗೆ ಮೊದಲು ಬಲಿಯಾಗುವುದೂ ಅದೇ. ಎಂಬತ್ತು ನಾಲ್ಕು ವರ್ಷ ಒಂದೇ ಹೆಸರಿನಲ್ಲಿ ಲೆಕ್ಕ ಹಾಕಿದ್ದರಿಂದ ಯಾವುದು ಎಲ್ಲಿ ಎಷ್ಟು ಕರಗಿತೆಂಬುದು ಕಾಣದೆ ಹೋಯಿತು. ಸಾಮಾನ್ಯವೆಂಬ ಹೆಸರು ಹೊತ್ತ ಮೀನು ಅಪರೂಪವಾಗಿ ಹೋದದ್ದು ಅಲ್ಲಿಯ ಕತೆ. ನಮ್ಮ ಕತೆಗೂ ಅದಕ್ಕೂ ಒಂದು ವ್ಯತ್ಯಾಸವುಂಟು. ಅಲ್ಲಿ ಅಣ್ಣತಮ್ಮಂದಿರಿಬ್ಬರೂ ಸಂಕಟದಲ್ಲಿದ್ದಾರೆ. ಇಲ್ಲಿ ಒಬ್ಬ ಚೆನ್ನಾಗಿ ಬಾಳುತ್ತಿದ್ದಾನೆ, ಇನ್ನೊಬ್ಬನ ಉಸಿರು ನಿಲ್ಲುತ್ತಿದೆ.

ಅನಾಮಿಕನಾದವನಿಗೆ ರಕ್ಷಣೆಯೂ ಇಲ್ಲ. ಅಳಿವಿನ ಅಪಾಯವನ್ನು ಅಳೆದು ಕೆಂಪು ಪಟ್ಟಿ ಸಿದ್ಧಪಡಿಸುವ ಅಂತರರಾಷ್ಟ್ರೀಯ ಸಂಸ್ಥೆಗೆ ಮೊದಲು ಬೇಕಾದದ್ದು ಶಾಸ್ತ್ರೀಯ ನಾಮ. ಹೆಸರಿಲ್ಲದೆ ಅರ್ಜಿಯೇ ನಡೆಯುವುದಿಲ್ಲ, ಪಡಿತರ ಚೀಟಿಯ ಕಛೇರಿಯಂತೆಯೇ. ಆ ಹೆಸರು ಸಿಕ್ಕಿದ್ದು ಅನಿರೀಕ್ಷಿತ ಮೂಲೆಯಿಂದ. ಕೇರಳದಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಅಮರಾವತಿಯ ಮೂಲಕ ಕಾವೇರಿಯನ್ನು ಸೇರುವ ಪಾಂಬಾರ್ ಎಂಬ ಸಣ್ಣ ಹೊಳೆಯಿದೆ. ಅದರ ಮಹಶೀರನ್ನು ಮಧುಸೂದನ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿದ್ವಾಂಸರು ಹೊಸ ಜಾತಿಯೆಂದು ವರ್ಣಿಸಿ, ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ವಿದುಷಿ ರೆಮಾದೇವಿಯವರ ಗೌರವಕ್ಕಾಗಿ ‘ಟಾರ್ ರೆಮಾದೇವಿ’ ಎಂದು ಕರೆದಿದ್ದರು. ಆ ಬರಹವನ್ನು ಕಾವೇರಿಯ ದೈತ್ಯದೊಡನೆ ಯಾರೂ ಹೊಂದಿಸಿರಲಿಲ್ಲ. ಡುಬ್ಬದ ಮೀನಿನ ಜೀವಂತ ಮಾದರಿಗಾಗಿ ಹುಡುಕಿದ ಸಂಶೋಧಕರಿಗೆ ಅದು ದೊರೆತದ್ದು ನೀಲಗಿರಿಯ ತಪ್ಪಲಿನ ಮೋಯಾರ್ ಹೊಳೆಯಲ್ಲಿ. ಅದರ ಅಂಗರಚನೆಯನ್ನೂ ವಂಶವಾಹಿಗಳನ್ನೂ ಒರೆಹಚ್ಚಿ ನೋಡಿ, ಡುಬ್ಬದ ಮಹಶೀರೂ ಪಾಂಬಾರಿನ ಟಾರ್ ರೆಮಾದೇವಿಯೂ ಒಂದೇ ಎಂದು 2018ರ ಜೂನಿನಲ್ಲಿ ಪ್ರಕಟಿಸಿದರು. ಬುಕಾನನ್ ನಮ್ಮ ಸೀಮೆಯನ್ನು ಹಾದುಹೋಗಿ ಅಂದಿಗೆ 218 ವರ್ಷ.

ಅದೇ ವರ್ಷ ಡುಬ್ಬದ ಮಹಶೀರ್ ಕೆಂಪು ಪಟ್ಟಿಗೆ ಸೇರಿತು. ‘ತೀವ್ರ ಅಪಾಯದಲ್ಲಿರುವ’ ಜಾತಿ, ಎಂದರೆ ಅಳಿವಿಗೆ ಒಂದೇ ಮೆಟ್ಟಿಲು ಮುಂಚಿನ ಸ್ಥಾನ. ನೀಲಿರೆಕ್ಕೆಯ ಖುದ್ರಿಯ ಪಯಣ ತಲೆಕೆಳಗು. 2011ರಲ್ಲಿ ಅದನ್ನು ಅಪಾಯಕ್ಕೊಳಗಾದ ಜಾತಿಗಳ ಸಾಲಿನಲ್ಲಿ ಕೂರಿಸಿದ್ದರು. ಹೊಸ ಪರಿಶೀಲನೆಯಲ್ಲಿ ಅದು ‘ಕನಿಷ್ಠ ಕಾಳಜಿ’ಯ ಸಾಲಿಗೆ ಇಳಿಯಿತು. ಚಿಂತಿಸಬೇಕಾದದ್ದಿಲ್ಲ ಎಂದರ್ಥ. ಈ ಎರಡನೆಯ ಸುದ್ದಿಗೆ ಪತ್ರಿಕೆಗಳಲ್ಲಿ ಸಂಭ್ರಮದ ಸ್ವಾಗತ ದೊರೆಯಿತು. ಲೋಣಾವಳದವರ ಅರ್ಧ ಶತಮಾನದ ಶ್ರಮವನ್ನು ನಾನು ಹಗುರವಾಗಿ ಕಾಣುವವನಲ್ಲ. ಕೃಷ್ಣೆಯ ಹೊಳೆಗಳಲ್ಲಿ ಖುದ್ರಿ ಉಳಿದರೆ ಅದು ನಮ್ಮ ಸೌಭಾಗ್ಯವೇ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಪುರಿ ಹಾಕದ ಕನ್ನಡಿಗ ಯಾರು? ನನ್ನ ತಕರಾರು ಇಷ್ಟೇ: ತುಂಗೆಯಲ್ಲಿ ಅತಿಥೇಯನಾದ ಮೀನು ಕಾವೇರಿಯಲ್ಲಿ ಅತಿಥಿ, ಅದೂ ಮನೆಯವರನ್ನು ಮೂಲೆಗೆ ತಳ್ಳಿದ ಅತಿಥಿ. ಹೊಳೆಯ ಅನ್ನವೂ ಮೊಟ್ಟೆಯಿಡುವ ಗರಸೂ ಎರಡಕ್ಕೂ ಒಂದೇ. ರಕ್ತವೂ ಬೆರೆಯಬಹುದೆಂಬ ಅಂಜಿಕೆ ಬಲ್ಲವರಲ್ಲಿದೆ.

ಇನ್ನೊಂದು ಕಹಿ ಮಾತು. ಭೀಮೇಶ್ವರಿಯಿಂದ ಸಂಗಮದವರೆಗಿನ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಅದರೊಳಗೆ ಗಾಳ ಹಾಕುವುದು ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ ಎಂಬ ಕಾರಣದಿಂದ 2012ರಲ್ಲಿ ಅದನ್ನು ನಿಲ್ಲಿಸಿದರು. ವನ್ಯಜೀವಿಧಾಮದಲ್ಲಿ ಮೋಜಿಗಾಗಿ ಒಂದು ಪ್ರಾಣಿಯ ಬಾಯಿಗೆ ಕೊಕ್ಕೆ ಹಾಕಬಾರದೆಂಬ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಗಾಳದವರು ಹೋದಾಗ ಅವರ ಹಣದಲ್ಲಿ ನಡೆಯುತ್ತಿದ್ದ ಕಾವಲೂ ಹೋಯಿತು, ತೂಗಿ ಬರೆಯುತ್ತಿದ್ದ ಪುಸ್ತಕವೂ ಮುಚ್ಚಿತು. ಮೀನನ್ನು ಮೋಜಿನವರಿಂದ ಉಳಿಸಿದೆವು. ಮೀನು ಇದೆಯೇ ಇಲ್ಲವೇ ಎಂದು ಹೇಳಬಲ್ಲ ಒಂದೇ ಸಾಕ್ಷಿಯನ್ನೂ ಅದರ ಜೊತೆಗೆ ಕಳೆದುಕೊಂಡೆವು. ನಾನಾಗಿದ್ದರೆ ಗಾಳವನ್ನು ನಿಲ್ಲಿಸಿ ಪುಸ್ತಕವನ್ನು ಉಳಿಸಿಕೊಳ್ಳುತ್ತಿದ್ದೆ.

ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳಿಗಾಗಿ ಅದೇ 2012ರಲ್ಲಿ ಧಾಮವೊಂದು ಆಯಿತು. ಹದ್ದು ಆಕಾಶದಲ್ಲಿ ಕಾಣುತ್ತದೆ; ಇಲ್ಲವಾದರೆ ಇಲ್ಲವೆಂಬುದೂ ಕಾಣುತ್ತದೆ. ಮೀನಿಗೆ ಆ ಅನುಕೂಲವಿಲ್ಲ.

ಈಗ ಹೊಳೆಯ ಸ್ಥಿತಿ. ಅರ್ಕಾವತಿಗೆ ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿಯಲ್ಲಿ 1930ರ ದಶಕದಿಂದಲೇ ಕಟ್ಟೆಯಿದೆ. ಕೆಳಗೆ ಮಂಚನಬೆಲೆ, ಇನ್ನೂ ಕೆಳಗೆ ಹಾರೋಬೆಲೆ. ಚನ್ನಪಟ್ಟಣದ ಕಣ್ವಕ್ಕೂ ಜಲಾಶಯವುಂಟು. ಬೆಂಗಳೂರಿನ ಕೊಳೆಯನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಯಲ್ಲಿ ನೊರೆಯುಗುಳಿ ಮುಂದೆ ಅರ್ಕಾವತಿಯನ್ನೇ ಕೂಡುತ್ತದೆ. ಮಳೆಗಾಲದಲ್ಲಿ ಕಾವೇರಿಯಿಂದ ಪಕ್ಕದ ಹೊಳೆಗೆ ಏರಿ ಮೊಟ್ಟೆಯಿಡುವುದು ಮಹಶೀರಿನ ಜಾಯಮಾನ. ಸಂಗಮದಲ್ಲಿ ಅದಕ್ಕೆ ಎದುರಾಗುವುದು ಇಂಥ ನೀರು.

ಇದಕ್ಕೆ ಮೇಲೆ ಮೇಕೆದಾಟಿನ ಯೋಜನೆ: ಸುಮಾರು 67 ಟಿ.ಎಂ.ಸಿ. ನೀರು ನಿಲ್ಲಿಸುವ ಅಣೆಕಟ್ಟು, ಬೆಂಗಳೂರಿಗೆ ಕುಡಿಯುವ ನೀರು, ಒಂದಿಷ್ಟು ವಿದ್ಯುತ್ತು. ಮುಳುಗುವ ನೆಲ 5,000 ಹೆಕ್ಟೇರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಕಾಡು. ಎರಡು ರಾಜ್ಯಗಳ ನಡುವಿನ ವ್ಯಾಜ್ಯದಲ್ಲಿ ಕ್ಯೂಸೆಕ್ಕು, ಟಿ.ಎಂ.ಸಿ.ಗಳ ಮಾತು ವರ್ಷಗಟ್ಟಲೆ ನಡೆದಿದೆ. ರಾಜಧಾನಿಯ ಬಾಯಾರಿಕೆ ಸುಳ್ಳಲ್ಲ. ಕೊಡ ಹಿಡಿದು ನಿಂತವರ ಎದುರು ಮೀನಿನ ಮಾತೆತ್ತಲು ಸಂಕೋಚವಾಗುತ್ತದೆ. ಆದರೂ ಎತ್ತಬೇಕು. ನಿಂತ ನೀರಿನಲ್ಲಿ ನೀಲಿರೆಕ್ಕೆಯ ಮೀನು ಹೇಗೋ ಹೊಂದಿಕೊಂಡೀತು. ಲೋಣಾವಳದ ಕಡೆಯ ಜಲಾಶಯಗಳಲ್ಲಿ ಹೊಂದಿಕೊಂಡಿದೆ. ಡುಬ್ಬದ ಮೀನಿಗೆ ಬೇಕಾದ ಮೊರೆಯುವ ಕಾವೇರಿ ಮಾತ್ರ ಆ ಹರವಿನಲ್ಲಿ ಉಳಿಯುವುದಿಲ್ಲ. ನಾಳೆ ಆ ಜಲಾಶಯಕ್ಕೂ ಮರಿ ಬಿಡುವ ಸಮಾರಂಭ ನಡೆಯಬಹುದು, ಫಲಕದ ಮೇಲೆ ಮಹಶೀರ್ ಎಂದೇ ಬರೆದಿರಬಹುದು.

ಕಳೆದ ಬೇಸಗೆಯಲ್ಲಿ ಸಂಗಮಕ್ಕೆ ಹೋಗಿದ್ದೆ. ಅರ್ಕಾವತಿಯ ಈಚೆಯಿಂದ ಆಚೆಗೆ ಹರಿಗೋಲಿನಲ್ಲಿ ದಾಟಿಸುವ ಹಿರಿಯರೊಬ್ಬರನ್ನು, ಬಿಳಿಮೀನು ಈಗಲೂ ಉಂಟೇ ಎಂದು ಕೇಳಿದೆ. “ಐತಲ್ಲ ಸ್ವಾಮಿ, ಬೇಕಾದಷ್ಟು ಐತೆ” ಎಂದರು. ಬೆನ್ನು ಎದ್ದಿರುತ್ತದಲ್ಲ, ಬಾಲ ಕೆಂಪಗೆ, ಅದು? ಎಂದು ಮತ್ತೆ ಕೇಳಿದೆ. ಅವರು ಹುಟ್ಟನ್ನು ಮಡಿಲಿನಲ್ಲಿ ಅಡ್ಡವಿಟ್ಟುಕೊಂಡು, ಬಲಗೈಯನ್ನು ಗೂನು ಮಾಡಿ, ನೀರಿನ ಮೇಲೆ ಹಿಡಿದು ತೋರಿಸಿದರು. “ಇಂಗಿರೋದಾ? ಅದು ನಮ್ಮಪ್ಪನ ಕಾಲದ್ದು. ಈಗ ಬರೋದೆಲ್ಲ ನೀಲೀದು.”